ಸುಮ್ಮನೆ ಜೊತೆಗೆ ಹೋದವರು

ಮಾರ್ಚ್ ೪, ಸೋಮವಾರ

ಪ್ರೀತಿಯ ತಮ್ಮನಿಗೆ ಅಕ್ಕನ ಆಶೀರ್ವಾದ.

ಇವತ್ತು ಸೋಮವಾರದ ಉಪವಾಸ. ನಲ್ಲಿಯಲ್ಲಿ ನೀರು ಬಿಡುವ ಹೊತ್ತಿಗೆ ಎದ್ದು ಕೊಡ, ಡ್ರಮ್ಮು ಎಲ್ಲ ತುಂಬಿಸಿದೆ. ಬಾಗಿಲು ಗುಡಿಸಿ, ನೀರು ಕಾಯಿಸಿ ಅತ್ತೆಗೆ ಮೈ ತೊಳೆಸಿ, ದೇವರ ಮುಂದೆ ದೀಪ ಹಚ್ಚಿ, ಈಗ ಹೊಸ್ತಿಲ ಬೆಳಕಿಗೆ ಕೂತು ಬರೆಯುತ್ತಿದ್ದೇನೆ. ಹೊಟ್ಟೆ ಖಾಲಿ ಇದ್ದ ದಿನ ಮನಸ್ಸು ನೆಟ್ಟಗಿರುತ್ತದೆ ಅಂತ ಅಮ್ಮ ಹೇಳುತ್ತಿದ್ದಳಲ್ಲ, ಈಗೀಗ ಹಾಗಾಗುತ್ತಿಲ್ಲ. ಖಾಲಿ ಜಾಗ ಕಂಡರೆ ಹೆದರಿಕೆಯೇ ಮೊದಲು ಬಂದು ಕೂರುತ್ತದೆ.

ಫೋನು ಮಾಡಿದರೆ ನೀನು ಎತ್ತುವುದಿಲ್ಲ. ಅದಕ್ಕೇ ಮತ್ತೆ ಕಾಗದ. ಹಿಂದಿನದನ್ನು ಬಸ್ಸಿನ ಕಂಡಕ್ಟರ್ ನಿನ್ನ ಕೈಗೇ ಕೊಟ್ಟನಂತೆ, ಆ ಕೋಲ್ಡ್ ಸ್ಟೋರೇಜಿನ ಗೇಟಿನಲ್ಲಿ. "ಏನಂದ?" ಅಂತ ಕೇಳಿದೆ. "ಏನೂ ಅನ್ಲಿಲ್ಲ ಅಕ್ಕಾ, ಜೇಬಿಗೆ ಹಾಕ್ಕೊಂಡು ಮತ್ತೆ ಕ್ರೇಟ್ ಹೊರೋಕೆ ಹೋದ" ಅಂದ. ಗಾಡಿ ಓಡಿಸುತ್ತಿದ್ದವನು ಈಗ ಹೊರೆ ಹೊರುತ್ತಿದ್ದೀಯ. ನಿನ್ನ ಭಾವ ತೀರಿಕೊಂಡ ದಿನದಿಂದ ನಿನ್ನ ಗಾಡಿ ಪೊಲೀಸ್ ಠಾಣೆಯ ಗೋಡೆ ಪಕ್ಕದಲ್ಲೇ ನಿಂತಿದೆ. ನಾನು ಆ ರಸ್ತೆ ಬಿಟ್ಟು ಸುತ್ತಿಕೊಂಡು ಹೋಗುತ್ತೇನೆ.

ಮೊನ್ನೆ ಇನ್ಶೂರೆನ್ಸ್ ಕಂಪನಿಯವನು ಬಂದಿದ್ದ. ನಗುಮುಖದವನು. ಬಂದವನೇ ಚಪ್ಪಲಿ ಬಿಟ್ಟು, ಕುರ್ಚಿ ಬೇಡ ಅಂತ ಅತ್ತೆಯ ಹಾಸಿಗೆಯ ಪಕ್ಕ ನೆಲದ ಮೇಲೆ ಕೂತ. ಫೋನನ್ನು ಮುಂದೆ ಮಗುಚಿ ಇಟ್ಟ.

"ನಾವೂ ನಿಮ್ಮ ಮನೆ ಮಕ್ಕಳ ಹಾಗೇ ಅಕ್ಕಾ. ಒಂದೆರಡು ಮಾತು ಕೇಳ್ಕೊಂಡು ಹೋಗ್ತೀನಿ, ಪರಿಹಾರ ಬೇಗ ಬರುತ್ತೆ" ಅಂದ. ಅತ್ತೆಯ ಮಂಡಿನೋವು ವಿಚಾರಿಸಿದ. ಆಮೇಲೆ, "ಯಜಮಾನ್ರು ನಿಮ್ಮ ತಮ್ಮನ ಗಾಡೀಲಿ ಕೆಲಸಕ್ಕಿದ್ರಾ?" ಅಂದ.

ಅತ್ತೆ ಎದುರಿಗೇ ಇದ್ದಾರೆ. ಏನು ಹೇಳಲಿ?

"ಛೆ ಛೆ, ಕೆಲಸಕ್ಕಾ? ಭಾಮೈದನ ಗಾಡಿ. ಸುಮ್ನೆ ಜೊತೆಗೆ ಹೋಗೋರು, ಹೊತ್ತು ಹೋಗ್ಲಿ ಅಂತ" ಅಂದೆ.

ಅತ್ತೆ ಬಿಡುತ್ತಾರಾ? "ನನ್ನ ಮಗ ಕನ್ನಡಿ ಅಂಗಡಿ ಇಟ್ಟವನು ಕಣಪ್ಪಾ. ಇನ್ನೊಬ್ಬರ ಹೊರೆ ಹೊರೋ ಹಣೆಬರಹ ಅವನದಲ್ಲ" ಅಂದರು.

"ಅದು ಈ ಮನೆ ನೋಡಿದ್ರೇ ಗೊತ್ತಾಗುತ್ತೆ ಅಜ್ಜಿ" ಅಂತ ಅವನು ನಕ್ಕ. ಅತ್ತೆಗೆ ಹಿಗ್ಗು. ಇನ್ನೊಂದು ಲೋಟ ಟೀ ಕೊಡಿಸಿದರು. ಹೊರಡುವಾಗ ಅವನು ಆ ಫೋನನ್ನು ಮಲಗಿದ ಮಗುವನ್ನು ಎತ್ತಿಕೊಂಡ ಹಾಗೆ ಎರಡೂ ಕೈಯಲ್ಲಿ ಎತ್ತಿಕೊಂಡ. ಅದು ನನಗೆ ಯಾಕೋ ಸರಿಬರಲಿಲ್ಲ. ಒಳ್ಳೆಯ ಮನುಷ್ಯನ ಮೇಲೆ ಸುಮ್ಮನೆ ಅನುಮಾನಪಟ್ಟೆನೇನೋ, ದೇವರು ಕ್ಷಮಿಸಲಿ.

ಈ ಕಾಗದ ಕಂಡಕ್ಟರ್ ತರುತ್ತಾನೆ. ಗೇಟಿಗೆ ಬಂದು ಇಸಿದುಕೋ.

ನಿನ್ನ ಅಕ್ಕ


ಮಾರ್ಚ್ ೨೧, ಗುರುವಾರ

ತಮ್ಮನಿಗೆ,

ನಿನ್ನಿಂದ ಒಂದು ಅಕ್ಷರ ಬರಲಿಲ್ಲ. ಆದರೂ ಬರೆಯಲೇಬೇಕಾಗಿದೆ, ನೀನು ಓದಲೇಬೇಕು.

ನಿನ್ನೆ ವಕೀಲರು ಕರೆಸಿದ್ದರು. ಮೇಜಿನ ಮೇಲೆ ಕಂಪನಿಯವರ ಉತ್ತರ ಇತ್ತು. ಅದನ್ನು ಬೆರಳಲ್ಲಿ ಕುಟ್ಟಿ, "ಅಮ್ಮಾ, ನಿಮ್ಮ ಕೇಸನ್ನ ಯಾರೂ ಮುಳುಗಿಸ್ಲಿಲ್ಲ. ನೀವೇ ಕೂರಿಸಿ ಟೀ ಕೊಟ್ಟು ಮುಳುಗಿಸಿ ಕಳ್ಸಿದ್ದೀರಿ" ಅಂದರು.

ನನಗೆ ಅರ್ಥವಾಗಲಿಲ್ಲ. ಬಿಡಿಸಿ ಹೇಳಿದರು. ಸರಕು ಗಾಡಿಯಲ್ಲಿ ಕೂಲಿಯವನು ಸತ್ತರೆ ಕಂಪನಿ ಪರಿಹಾರ ಕೊಡಬೇಕು. ಅದೇ ಗಾಡಿಯಲ್ಲಿ ಬಿಟ್ಟಿ ಕೂತು ಹೋಗುತ್ತಿದ್ದವನು ಸತ್ತರೆ ಕೊಡಬೇಕಾಗಿಲ್ಲ. "ನೀವು ಏನು ಹೇಳಿದ್ರಿ? ಸುಮ್ನೆ ಜೊತೆಗೆ ಅಂದ್ರಿ. ಅವನ ಫೋನಲ್ಲಿ ನಿಮ್ಮ ದನಿ ಇದೆ, ನಿಮ್ಮ ಅತ್ತೆ ದನೀನೂ ಇದೆ" ಅಂದರು.

ಮನೆಗೆ ಬಂದವರ ಮುಂದೆ, ಅದೂ ಅತ್ತೆ ಎದುರಿಗೆ, ನನ್ನ ಗಂಡ ನನ್ನ ತಮ್ಮನ ಕೈಕೆಳಗೆ ಕೂಲಿ ಅಂತ ಯಾವ ಹೆಂಗಸು ಹೇಳುತ್ತಾಳೆ, ನೀನೇ ಹೇಳು.

ಅಂಗಡಿ ಮುಚ್ಚಿದ ಮೇಲೆ ನಿನ್ನ ಗಾಡಿ ಹತ್ತಿದ ದಿನ ನಿನ್ನ ಭಾವ ಏನಂದಿದ್ದರು ಅಂತ ನಿನಗೂ ನೆನಪಿದೆ. "ಕೂಲಿ ತಗೋತೀನಿ ಕಣೋ, ಆದ್ರೆ ಆ ಮಾತು ಈ ಹೊಸ್ತಿಲು ದಾಟಿ ಒಳಗೆ ಬರಬಾರ್ದು. ಅಮ್ಮನ ಕಿವಿಗೆ ಬೀಳಬಾರ್ದು." ನಾವೂ ಹಾಗೇ ನಡೆದುಕೊಂಡೆವು. ನೀನು ಅವರ ಕೈಗೆ ಕೂಲಿ ಇಡಲೇ ಇಲ್ಲ. ಅಡುಗೆಮನೆಗೆ ಬಂದು "ಅಕ್ಕಾ, ಸಾಮಾನು ತರ್ಸ್ಕೋ" ಅಂತ ನನಗೆ ಕೊಡುತ್ತಿದ್ದೆ. ಅವರು ಗಾಡಿಯ ಹಿಂದೆ ನಿಂತು ಗಾಜಿನ ಹಲಗೆಗಳನ್ನು ಬೀಳದ ಹಾಗೆ ಹಿಡಿದುಕೊಂಡು ಹೋಗುತ್ತಿದ್ದರು. ಬೀದಿಯ ಕೊನೆ ಬಂದ ಮೇಲೆ ಇಳಿದು, ಮುಖ ತೊಳೆದು, ನಿನ್ನ ಪಕ್ಕದ ಸೀಟಿನಲ್ಲಿ ಕೂತು ಮನೆ ಮುಂದೆ ಬರುತ್ತಿದ್ದರು. ನೋಡಿದವರೆಲ್ಲ ಭಾವ ಭಾಮೈದ ತಿರುಗಾಡಿಕೊಂಡು ಬಂದರು ಅಂದುಕೊಂಡರು. ನಾವು ಮೂರು ಜನ ಸೇರಿ ಎಷ್ಟು ಚೆನ್ನಾಗಿ ಮುಚ್ಚಿಟ್ಟೆವು ಅಂದರೆ, ಈಗ ಅಗೆದರೂ ಸಿಗುತ್ತಿಲ್ಲ.

ವಕೀಲರು ಹೇಳುವುದು ಇಷ್ಟು. ನನ್ನ ಮಾತನ್ನು ಯಾರೂ ನಂಬುವುದಿಲ್ಲ, ಪರಿಹಾರಕ್ಕೆ ಬಾಯಿ ಬಿಟ್ಟವಳು ಅನ್ನುತ್ತಾರೆ. ಗಾಡಿಯ ಯಜಮಾನ ಬಂದು "ಅವರು ನನ್ನ ಹತ್ತಿರ ಕೂಲಿಗಿದ್ದರು" ಅನ್ನಬೇಕು. ಯಜಮಾನ ನೀನು.

ಪರಿಹಾರ ಬಂದರೆ ಅತ್ತೆ ನಾನು ಇದೇ ಸೂರಿನ ಕೆಳಗೆ ಇರುತ್ತೇವೆ. ಬರದಿದ್ದರೆ ನಾನು ಹಾಸ್ಟೆಲ್ ಅಡುಗೆಗೆ ಹೋಗಿ ಅಲ್ಲೇ ಮಲಗಬೇಕು, ಅತ್ತೆ ನಾದಿನಿಯ ಮನೆಗೆ ಹೋಗಬೇಕು. ನಾದಿನಿ ಆಗಲೇ ಹೇಳಿಕಳಿಸಿದ್ದಾಳೆ, ಅವಳ ಮನೆಯಲ್ಲಿ ಹೊರಗಿನ ಜಗಲಿ ಒಂದೇ ಖಾಲಿ ಇರುವುದಂತೆ. ಹೆತ್ತ ಮಗಳ ಮಾತು ಇದು. ಅತ್ತೆಗೆ ಹೇಳಿಲ್ಲ.

ಬಾ.

ನಿನ್ನ ಅಕ್ಕ


ಏಪ್ರಿಲ್ ೯, ಮಂಗಳವಾರ

ಅಕ್ಕನಿಗೆ ನಮಸ್ಕಾರ.

ನೀನು ಕಳಿಸಿದ್ದೆಲ್ಲ ಓದಿದ್ದೇನೆ. ಬರೆಯಲು ಕೂತರೆ ಕೈ ಬರುವುದಿಲ್ಲ. ಇಲ್ಲಿನ ಥಂಡಿಗೆ ಅಂಗೈ ಬಿರುಕು ಬಿಟ್ಟಿದೆ ಅಂತ ಅಂದುಕೋ.

ಆ ನಗುಮುಖದವನು ಇಲ್ಲಿಗೂ ಬಂದಿದ್ದ. ಊಟದ ಹೊತ್ತಿಗೆ ಗೇಟಿನಲ್ಲಿ ಬೈಕಿಗೆ ಒರಗಿ ನಿಂತಿದ್ದ. ನನ್ನ ಹೆಸರು ಹಿಡಿದು ಕರೆದ. "ನೋಡಪ್ಪಾ, ನಿನ್ನ ಒಳ್ಳೇದಕ್ಕೇ ಹೇಳ್ತೀನಿ. ಕೂಲಿ ಆಳನ್ನ ಗಾಜಿನ ಪಕ್ಕ ಹಿಂದೆ ನಿಲ್ಸಿ ಗಾಡಿ ಓಡಿಸ್ದೆ ಅಂದ್ರೆ ನಿನ್ನ ಪೊಲೀಸ್ ಕೇಸು ಎಲ್ಲಿಗೆ ಹೋಗುತ್ತೆ ಗೊತ್ತಾ? ಭಾವ ಸುಮ್ನೆ ಬಂದಿದ್ರು, ಬೇಡ ಅಂದ್ರೂ ಹಿಂದೆ ಹತ್ತಿದ್ರು ಅನ್ನು. ಒಂದೇ ಮಾತು. ನಿನಗೂ ಬಿಡುಗಡೆ" ಅಂದ. ಹೋಗುವಾಗ ಬೆನ್ನು ತಟ್ಟಿದ. ಅವನು ತಟ್ಟಿದ ಜಾಗ ಇನ್ನೂ ಉರಿಯುತ್ತಿದೆ.

ನಾನು ಇಲ್ಲಿರುವುದು ನಿನಗೂ ಕಂಡಕ್ಟರಿಗೂ ಬಿಟ್ಟರೆ ಯಾರಿಗೂ ಗೊತ್ತಿರಲಿಲ್ಲ. ಅವನಿಗೆ ಯಾರು ಹೇಳಿದರು?

ನಿನ್ನ ತಮ್ಮ


ಏಪ್ರಿಲ್ ೧೫, ಸೋಮವಾರ

ತಮ್ಮನಿಗೆ ಆಶೀರ್ವಾದ.

ಉಪವಾಸವಿದ್ದರೂ ಇವತ್ತು ದೇವರ ಮುಂದೆ ಮನಸ್ಸು ನಿಲ್ಲಲಿಲ್ಲ. ದೀಪದ ಬತ್ತಿ ಚಟಪಟ ಅಂದರೂ ಬೆಚ್ಚಿಬೀಳುತ್ತೇನೆ. ಬೀದಿಯಲ್ಲಿ ಬೈಕು ನಿಧಾನವಾದರೆ ಕೈಯಲ್ಲಿದ್ದ ಕೆಲಸ ನಿಲ್ಲುತ್ತದೆ. ಮುಂದೆ ಹೋಯಿತು ಅಂತ ಗೊತ್ತಾದ ಮೇಲೆಯೇ ಮತ್ತೆ ಉಸಿರು.

ನಿನ್ನ ವಿಳಾಸ ಕೊಟ್ಟವರು ಅತ್ತೆ, ನಾನು ಕಂಡಕ್ಟರಿಗೆ ಹೇಳುತ್ತಿದ್ದುದು ಅವರ ಕಿವಿಗೆ ಬಿದ್ದಿತ್ತಂತೆ. ನಾನು ಸಂತೆಗೆ ಹೋದಾಗ ಅವನು ಎರಡು ಸಲ ಬಂದಿದ್ದನಂತೆ. ಮಂಡಿಗೆ ಹಚ್ಚುವ ಎಣ್ಣೆ ತಂದುಕೊಟ್ಟಿದ್ದಾನೆ. "ಎಷ್ಟು ಒಳ್ಳೆ ಹುಡುಗ! ನಿನ್ನ ತಮ್ಮನ್ನ ವಿಚಾರಿಸ್ದ, ಹೇಳ್ದೆ. ನಿನ್ನ ತಮ್ಮನಿಗಿಂತ ವಾಸಿ, ಬಂದು ಮುಖನಾದ್ರೂ ತೋರಿಸ್ತಾನೆ" ಅಂತ ನನಗೇ ಚುಚ್ಚಿದರು. ಎಣ್ಣೆ ಬಾಟಲಿ ಎಸೆಯೋಣ ಅನ್ನಿಸಿತು. ಆದರೆ ಮಂಡಿನೋವು ಕಡಿಮೆಯಾಗಿದೆ ಅನ್ನುತ್ತಾರೆ, ಎಸೆಯಲಿಲ್ಲ. ದಿನಾ ನಾನೇ ಹಚ್ಚುತ್ತೇನೆ. ಶತ್ರುವಿನ ಎಣ್ಣೆ ಅಂಗೈಗೆ ಅಂಟಿಸಿಕೊಂಡು ಅತ್ತೆಯ ಕಾಲು ತಿಕ್ಕುವುದು ಹೇಗಿರುತ್ತದೆ ಅಂತ ದೇವರಿಗೇ ಗೊತ್ತು.

ನಿನ್ನ ಪೊಲೀಸ್ ಕೇಸಿನ ವಿಷಯ ವಕೀಲರನ್ನು ಕೇಳಿದೆ. ಅವನು ಹೇಳಿದ್ದು ಪೂರ್ತಿ ಸುಳ್ಳಲ್ಲ ಅಂದರು. ಮುಚ್ಚಿಡದೆ ಬರೆಯುತ್ತಿದ್ದೇನೆ. ನೀನು ಬಂದು ನಿಜ ಹೇಳಿದರೆ ನಿನಗೆ ಕಷ್ಟ ಆಗಬಹುದು. ಬಾರದಿದ್ದರೆ ನಮಗೆ ಕಷ್ಟ ಆಗುವುದು ಖಂಡಿತ. ನನ್ನ ಸ್ವಂತ ತಮ್ಮನನ್ನು ಈ ತಕ್ಕಡಿಯಲ್ಲಿ ಕೂರಿಸುವ ಕೆಲಸ ನನಗೆ ಬಂತಲ್ಲ.

ಇದರ ಜೊತೆ ಒಂದು ಪೊಟ್ಟಣ ಇದೆ. ಗಾಜು ಹಿಡಿಯಲು ಸೈಕಲ್ ಟ್ಯೂಬು ಕತ್ತರಿಸಿ ನಿನ್ನ ಭಾವನಿಗೆ ಹೊಲಿದುಕೊಟ್ಟಿದ್ದ ಅಂಗೈಪಟ್ಟಿಗಳು. ಆ ದಿನ ಹಾಕಿಕೊಂಡಿದ್ದು ಹೋಯಿತು. ಇದು ಹಳೆಯ ಜೊತೆ, ಅಕ್ಕಿ ಡಬ್ಬದ ಹಿಂದೆ ಬಚ್ಚಿಟ್ಟಿದ್ದೆ. ಕೈ ಬಿರುಕು ಬಿಟ್ಟಿದೆ ಅಂದೆಯಲ್ಲ, ಹಾಕಿಕೋ. ಕಂಡಕ್ಟರ್ ಹಿಸುಕಿ ನೋಡಿ, "ತಿನ್ನೋದಲ್ಲ ತಾನೆ ಅಕ್ಕಾ? ತಿನ್ನೋದಾದ್ರೆ ತಲುಪೋ ಗ್ಯಾರಂಟಿ ಇಲ್ಲ" ಅಂದ. ಎಷ್ಟೋ ದಿನದ ಮೇಲೆ ನಕ್ಕೆ.

ನಿನ್ನ ಅಕ್ಕ


ಮೇ ೧೩, ಸೋಮವಾರ

ತಮ್ಮನಿಗೆ,

ಅತ್ತೆಗೆ ಹೇಳಿಬಿಟ್ಟೆ.

ಮುಂದಿನ ತಿಂಗಳು ಇಪ್ಪತ್ತನೇ ತಾರೀಕು ವಿಚಾರಣೆ. ಅತ್ತೆಯ ಹೆಸರೂ ಅರ್ಜಿಯಲ್ಲಿದೆ, ಅವರನ್ನೂ ಕೇಳುತ್ತಾರಂತೆ. ಕಟಕಟೆಯಲ್ಲಿ ನಿಂತು ಅವರು "ನನ್ನ ಮಗ ಹೊರೆ ಹೊರೋನಲ್ಲ" ಅಂದರೆ ಮುಗಿಯಿತು. ಹೇಳದೆ ಬೇರೆ ದಾರಿ ಇರಲಿಲ್ಲ.

ಮೊಗ್ಗು ಪೋಣಿಸುತ್ತಾ ಕೂತಿದ್ದರು. ಪಕ್ಕದಲ್ಲಿ ಕೂತು ಎಲ್ಲ ಹೇಳಿದೆ. ಅಂಗಡಿ ಮುಚ್ಚಿದ ಮೇಲೆ ನಿನ್ನ ಹತ್ತಿರ ಕೂಲಿಗೆ ಸೇರಿದ್ದು, ಗಾಡಿಯ ಹಿಂದೆ ನಿಂತೇ ಹೋಗುತ್ತಿದ್ದದ್ದು, ಬೀದಿಯ ಕೊನೆಯಲ್ಲಿ ಮುಖ ತೊಳೆಯುತ್ತಿದ್ದದ್ದು. ಅವರ ಕೈ ನಿಲ್ಲಲಿಲ್ಲ. ಮಾಲೆ ಮುಗಿಸಿ, ಗಂಟು ಹಾಕಿ, ಹಲ್ಲಲ್ಲಿ ದಾರ ಕಡಿದು ಅಂದರು, "ಬದುಕಿದ್ದಾಗ ಅವನನ್ನ ಕೂಲಿ ಮಾಡ್ಕೊಂಡ ನಿನ್ನ ತಮ್ಮ. ಸತ್ತ ಮೇಲೆ ಕೂಲಿ ಅಂತ ಬರೆಸೋಕೆ ಹೊರಟಿದ್ದೀಯ ನೀನು. ಅಕ್ಕ ತಮ್ಮ ಚೆನ್ನಾಗಿ ಹೊಂದ್ಕೊಂಡಿದ್ದೀರಿ."

"ಅತ್ತೆ, ಅದು ನಿಜ" ಅಂದೆ.

"ನನ್ನ ಮಗನ ವಿಷ್ಯದಲ್ಲಿ ನಿಜ ಯಾವ್ದು ಅಂತ ನಂಗೆ ಗೊತ್ತು. ಆ ಜಡ್ಜ್ ಹತ್ರ ನಾನೇ ಹೇಳ್ತೀನಿ" ಅಂದರು.

ಅವತ್ತಿನಿಂದ ನಾನು ಬಡಿಸಿದ್ದು ತಿನ್ನುತ್ತಿಲ್ಲ. ತಟ್ಟೆ ಇಟ್ಟು ನಾನು ಹಿತ್ತಲಿಗೆ ಹೋದರೆ ತಿನ್ನುತ್ತಾರೆ. ಹಾಗಾಗಿ ಊಟದ ಹೊತ್ತಿಗೆ ನಾನು ಹಿತ್ತಲಲ್ಲಿ ಒಗೆದ ಬಟ್ಟೆಯನ್ನೇ ಮತ್ತೆ ಒಗೆಯುತ್ತಾ ನಿಂತಿರುತ್ತೇನೆ. ಎಣ್ಣೆ ಹಚ್ಚಲು ಮಾತ್ರ ಕಾಲು ಚಾಚುತ್ತಾರೆ, ಮುಖ ಗೋಡೆಗೆ.

ನನಗೆ ಕಂಪನಿಗಿಂತ ಈಗ ಅತ್ತೆಯದೇ ಹೆದರಿಕೆ. ಪ್ರಮಾಣ ಮಾಡಿ ನಾನೊಂದು ಹೇಳಿ, ಅವರೊಂದು ಹೇಳಿದರೆ, ದೇವರ ಮುಂದೆ ನಮ್ಮಿಬ್ಬರಲ್ಲಿ ಯಾರ ನಾಲಿಗೆ ಸುಳ್ಳಿನದು? ಅವರು ನಂಬಿದ್ದನ್ನೇ ಹೇಳುತ್ತಾರೆ. ನಂಬಿಸಿದವರು ನಾವು.

ನಿನಗೂ ಸಮನ್ಸು ಬಂದಿರುತ್ತದೆ. ಇಪ್ಪತ್ತನೇ ತಾರೀಕು. ಬೆಳಗಿನ ಬಸ್ಸಿಗೆ ಹತ್ತಿದರೆ ಸಾಕು.

ನಿನ್ನ ಅಕ್ಕ


ಜೂನ್ ೩, ಸೋಮವಾರ

ಅಕ್ಕಾ,

ಅಂಗೈಪಟ್ಟಿ ವಾಪಸ್ ಕಳಿಸಿದ್ದೇನೆ. ಹಾಕಿಕೊಳ್ಳಲು ಆಗಲಿಲ್ಲ. ಒಳಗೆ ಭಾವನ ಬೆರಳಿನ ಅಚ್ಚು ಹಾಗೇ ಇದೆ.

ಗಾಡಿಗೆ ಆಕಳು ಅಡ್ಡ ಬಂದದ್ದು ನಿಜ. ಬ್ರೇಕ್ ತುಳಿದವನು ನಾನು. ಹಿಂದೆ ಗಾಜು ಭಾವನ ಮೇಲೆ ಬಿದ್ದ ಆ ಸದ್ದು ಇಲ್ಲಿಯೂ ಕೇಳುತ್ತದೆ. ಯಾರೋ ಐಸು ಒಡೆದರೆ ನಾನು ಕಿವಿ ಮುಚ್ಚಿಕೊಂಡು ಕೂರುತ್ತೇನೆ, ಜೊತೆಯವರು ನಗುತ್ತಾರೆ. ಬಸ್ಸು ಹತ್ತಲು ಆಗುವುದಿಲ್ಲ ಅಕ್ಕಾ. ಡ್ರೈವರ್ ಕಾಲು ಪೆಡಲಿನ ಮೇಲೆ ಇರುವುದನ್ನು ನೋಡಲು ಆಗುವುದಿಲ್ಲ. ನಾನು ಬರದಿದ್ದರೆ ಬಯ್ಯಬೇಡ.

ನಿನ್ನ ತಮ್ಮ


ಜೂನ್ ೨೪, ಸೋಮವಾರ

ತಮ್ಮನಿಗೆ ಅಕ್ಕನ ಆಶೀರ್ವಾದ.

ಬಯ್ಯುವುದಿಲ್ಲ. ಅವತ್ತು ಕೋರ್ಟಿನಲ್ಲಿ ಬಾಗಿಲು ಕಿರ್ ಅಂದಾಗಲೆಲ್ಲ ತಿರುಗಿ ನೋಡಿದೆ, ಅಷ್ಟೇ.

ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ. ಮೊದಲು ನನ್ನನ್ನು ಕರೆದರು. ಪ್ರಮಾಣ ಮಾಡಿದೆ. ನನ್ನ ಗಂಡ ನನ್ನ ತಮ್ಮನ ಗಾಡಿಯಲ್ಲಿ ಕೂಲಿಗಿದ್ದರು ಅಂತ ಹೇಳಿದೆ. ಕಂಪನಿಯ ವಕೀಲ ಆ ಫೋನಿನ ರೆಕಾರ್ಡಿಂಗ್ ಹಚ್ಚಿದ. ಅಷ್ಟು ದೊಡ್ಡ ಕೋಣೆಯಲ್ಲಿ ನನ್ನದೇ ದನಿ, "ಸುಮ್ನೆ ಜೊತೆಗೆ ಹೋಗೋರು." ಹಿಂದೆ ಟೀ ಲೋಟದ ಸದ್ದೂ ಕೇಳಿಸಿತು.

"ಈ ದನಿ ನಿಮ್ಮದೇನಾ?"

"ಹೌದು ಸ್ವಾಮಿ."

"ಹಾಗಾದ್ರೆ ಅವತ್ತು ಹೇಳಿದ್ದು ಸುಳ್ಳೋ, ಇವತ್ತು ಹೇಳಿದ್ದು ಸುಳ್ಳೋ?"

"ಅವತ್ತು ಮಾನಕ್ಕೆ ಹೇಳಿದ್ದು. ಇವತ್ತು ಪ್ರಮಾಣ ಮಾಡಿ ಹೇಳ್ತಿರೋದು."

"ಮಾನಕ್ಕೆ ಸುಳ್ಳು ಹೇಳೋರು ದುಡ್ಡಿಗೆ ಹೇಳಲ್ವೇನಮ್ಮಾ?" ಅಂದ. ಯಾರೋ ನಕ್ಕರು. ಕಟಕಟೆಯ ಮರ ಹಿಡಿದುಕೊಂಡೇ ಇಳಿದೆ.

ಆಮೇಲೆ ಅತ್ತೆ. ಅವರಿಗೆ ಕುರ್ಚಿ ಹಾಕಿಸಿದರು, ಕೂರಲಿಲ್ಲ. ಆ ನಗುಮುಖದವನು ಹಿಂದಿನ ಬೆಂಚಿನಿಂದ ಕೈ ಮುಗಿದ. ಇವರೂ ಮುಗಿದರು.

ವಕೀಲನ ದನಿ ಈಗ ಬೆಣ್ಣೆ. "ಅಜ್ಜಿ, ನಿಮ್ಮ ಮಗ ಯಾರ ಹತ್ರಾನಾದ್ರೂ ಕೂಲಿ ಮಾಡಿದ್ರಾ?"

"ಇಲ್ಲ. ನನ್ನ ಮಗ ಅಂಗಡಿ ಇಟ್ಟವನು."

ನಮ್ಮ ವಕೀಲರು ಪೆನ್ನು ಕೆಳಗಿಟ್ಟರು. ನಾನು ದೇವರ ಹೆಸರು ಹಿಡಿದು ಕಣ್ಣು ಮುಚ್ಚಿಕೊಂಡೆ.

ಅಲ್ಲಿಗೆ ಬಿಟ್ಟಿದ್ದರೆ ಕಂಪನಿಯ ವಕೀಲ ಗೆದ್ದಿದ್ದ. ಬಿಡಲಿಲ್ಲ. "ಸರಿ ಅಜ್ಜಿ. ಅಂದ್ರೆ ಆ ಗಾಡೀಲಿ ಬಿಟ್ಟಿ ಕೂತು ಹೋಗ್ತಿದ್ರು, ಅಲ್ವಾ? ಅಷ್ಟು ಹೇಳ್ಬಿಡಿ, ಸಾಕು."

"ಏನಂದೆ?"

"ಬಿಟ್ಟಿ ಅಜ್ಜಿ. ಏನೂ ಕೊಡದೆ, ಏನೂ ಮಾಡದೆ, ಸುಮ್ನೆ ಕೂತು."

ಅತ್ತೆ ಕಟಕಟೆಯ ಮೇಲೆ ಬಾಗಿದರು. "ಯಾರೋ ಬಿಟ್ಟಿ? ನನ್ನ ಮಗನಾ? ಚಿಕ್ಕವನಿದ್ದಾಗ ಪಕ್ಕದ ಮನೆಯೋರು ಒಂದು ಲೋಟ ಹಾಲು ಕೊಟ್ರೆ ಅವರ ಮನೆ ನೀರು ತುಂಬಿಸಿಕೊಟ್ಟು ಬರ್ತಿದ್ದ ಅವ್ನು. ಭಾಮೈದನ ಗಾಡೀಲಿ ಬಿಟ್ಟಿ ಕೂತು ಊರು ಸುತ್ತೋಕೆ ಅವ್ನೇನು ಉಂಡಾಡಿನಾ?"

"ಅಜ್ಜಿ, ಕೇಳಿದ್ದಕ್ಕೆ ಮಾತ್ರ—"

"ಕೇಳ್ದೆಯಲ್ಲ, ಕೇಳ್ಕೋ." ಸೆರಗಿನ ಗಂಟು ಬಿಚ್ಚಿದರು. ನೀನು ವಾಪಸ್ ಕಳಿಸಿದ ಪೊಟ್ಟಣ ಕಂಡಕ್ಟರ್ ತಂದ ದಿನ ನಾನು ಮನೆಯಲ್ಲಿರಲಿಲ್ಲ, ಅತ್ತೆಯ ಕೈಗೆ ಕೊಟ್ಟು ಹೋಗಿದ್ದ. ನಿನ್ನ ಕಾಗದ ಮಾತ್ರ ನನಗೆ ಕೊಟ್ಟರು, ಉಳಿದದ್ದು ಕೇಳಿದರೆ "ಯಾವ ಪೊಟ್ಟಣ?" ಅಂದಿದ್ದರು. ಅದೇ ಅಂಗೈಪಟ್ಟಿಗಳು. ಒಂದರೊಳಗೆ ತಮ್ಮ ಕೈ ತೂರಿಸಿ ಎತ್ತಿ ತೋರಿಸಿದರು. ಆ ದೊಡ್ಡ ಪಟ್ಟಿಯೊಳಗೆ ಅವರ ಕೈ ಕೂಸಿನ ಕೈಯ ಹಾಗೆ ಕಂಡಿತು.

"ಸುಮ್ನೆ ಕೂತು ಹೋಗೋನಿಗೆ ಇದ್ಯಾಕೆ ಬೇಕು? ಮುಟ್ಟಿ ನೋಡು, ಎಲ್ಲಿ ಸವೆದಿದೆ ಅಂತ. ನನ್ನ ಮಗ ನಿಂತು ಸತ್ತಿದ್ದಾನೆ, ಕೂತಲ್ಲ. ದುಡೀತಿದ್ದ ಅಂತ ಬರ್ಕೊಳಿ. ಬರ್ಕೊಳಿ ಅಂದ್ನಲ್ಲ!"

ಜಡ್ಜ್ ಬರೆದುಕೊಳ್ಳುವವರೆಗೂ ಕೈ ಕೆಳಗಿಳಿಸಲಿಲ್ಲ. ಕೂಲಿ ಅನ್ನುವ ಮಾತು ಮಾತ್ರ ಅವರ ಬಾಯಿಂದ ಕೊನೆಯವರೆಗೂ ಬರಲಿಲ್ಲ. ಆ ನಗುಮುಖದವನು ನಗುವುದನ್ನು ನಿಲ್ಲಿಸಿದ್ದನ್ನು ನಾನು ಮೊದಲ ಸಲ ನೋಡಿದೆ. ನಗು ಇಲ್ಲದಾಗ ಅವನ ಮುಖ ಇನ್ನೂ ಹೆದರಿಕೆ ತರುತ್ತದೆ.

ಆದರೆ ಇಷ್ಟಕ್ಕೇ ಮುಗಿಯಲಿಲ್ಲ. ಹೆತ್ತವಳ ಮಾತು, ಹೆಂಡತಿಯ ಮಾತು ಎರಡೂ ಕೇಳಿಯಾಯಿತು, ಗಾಡಿಯ ಯಜಮಾನನ ಮಾತು ಕೇಳದೆ ತೀರ್ಪು ಕೊಡುವುದಿಲ್ಲ ಅಂದರು ಜಡ್ಜ್. ಜುಲೈ ಹದಿನೈದು. ಅದೇ ಕೊನೆಯ ತಾರೀಕು. ನೀನು ಬಂದು ಭಾವ ಕೂಲಿಗಿದ್ದರು ಅಂದರೆ ನಾವು ಉಳಿದೆವು. ಆ ನಗುಮುಖದವನು ಹೇಳಿಕೊಟ್ಟದ್ದನ್ನು ಹೇಳಿದರೆ, ಅಥವಾ ಬಾರದೇ ಹೋದರೆ, ಅತ್ತೆಯ ಕೈ ಅಷ್ಟು ಹೊತ್ತು ಮೇಲೆತ್ತಿದ್ದು ಗಾಳಿಗೆ ಹೋಯಿತು. ನಿನಗೆ ಜೈಲಾದರೆ ಅನ್ನುವ ಹೆದರಿಕೆ ನನಗೆ ಇಲ್ಲ ಅಂತ ಬರೆಯಲಾರೆ. ಇವತ್ತು ಉಪವಾಸ, ಇಲ್ಲದ್ದನ್ನು ಬರೆಯಬಾರದು.

ಅವತ್ತು ಇಬ್ಬರೂ ಮನೆಗೆ ಬಂದೆವು. ತಟ್ಟೆ ಇಟ್ಟು ನಾನು ಹಿತ್ತಲಿಗೆ ಹೊರಟೆ. "ಎಲ್ಲಿಗೆ ಹೋಗ್ತೀಯ? ಕೂತ್ಕೋ" ಅಂದರು. ತಿಂದು ಕೈ ತೊಳೆದ ಮೇಲೆ ಕೇಳಿದರು, "ಅವತ್ತು ಬ್ರೇಕ್ ಹಾಕ್ದೇ ಇದ್ರೆ ಏನಾಗ್ತಿತ್ತು?"

"ಆಕಳು ಹೋಗ್ತಿತ್ತು. ಗಾಡಿನೂ ಹಳ್ಳಕ್ಕೆ ಹೋಗ್ತಿತ್ತೋ ಏನೋ" ಅಂದೆ.

ಅಂಗೈಪಟ್ಟಿಯ ಅಂಚು ಸವರಿದರು. ಆಮೇಲೆ, "ಅವನಿಗೆ ಬರಿ. ಬಸ್ಸಲ್ಲಿ ಹಿಂದಿನ ಸೀಟಲ್ಲಿ ಕೂತ್ಕೊಂಡ್ರೆ ಡ್ರೈವರ್ ಕಾಲು ಕಾಣ್ಸಲ್ಲ" ಅಂದರು. ನಿನ್ನ ಕಾಗದವನ್ನು ನಾನು ಅವರಿಗೆ ಓದಿ ಹೇಳಿರಲಿಲ್ಲ. ದೇವರ ಮುಂದೆ ಅದನ್ನೇ ಜೋರಾಗಿ ಹೇಳಿಕೊಂಡು ಅತ್ತಿದ್ದೆನೇನೋ.

ಕಂಡಕ್ಟರಿಗೆ ಹೇಳಿದ್ದೇನೆ, ಹಿಂದಿನ ಮೂಲೆಯ ಸೀಟು ಹಿಡಿದಿಡುತ್ತಾನೆ. ನಿನ್ನ ಉತ್ತರ ಅದೇ ಬಸ್ಸಿಗೆ, ಹದಿನಾಲ್ಕರ ಸಂಜೆ ಬರಲಿ. ಅದನ್ನು ತರಲು ಬಸ್ ಸ್ಟ್ಯಾಂಡಿಗೆ ನಾನು ಹೋಗುತ್ತೇನೆ ಅಂದರೆ ಅತ್ತೆ ಒಪ್ಪುತ್ತಿಲ್ಲ, ತಾವೇ ಹೋಗುತ್ತಾರಂತೆ. ಮಂಡಿನೋವಿನ ಮುದುಕಿ ಬಂದು ಬಸ್ಸಿನ ಬಾಗಿಲ ಹತ್ತಿರ ಕಾಯುತ್ತಿರುತ್ತಾರೆ. ಅವರಿಗೆ ಓದಲು ಬರುವುದಿಲ್ಲ, ಕಾಗದ ಕೊಟ್ಟರೆ ಪ್ರಯೋಜನವಿಲ್ಲ, ಮುಖವೇ ಕಾಣಬೇಕು. ನೆನಪಿರಲಿ.

ನಿನ್ನ ಅಕ್ಕ